ಕಿರಿಯ ನಕ್ಷತ್ರಗಳನ್ನು ತೂಗುವ ಬಗೆ

ವಿವಾಹದ ದಿನ ಪುರೋಹಿತರು ನೂತನ ದಂಪತಿಗಳನ್ನು ಅಂಗಳಕ್ಕೆ ಕರೆತಂದು, ಸಪ್ತರ್ಷಿ ಮಂಡಲದ ಕಡೆಗೆ ಕೈತೋರಿ, ಅರುಂಧತೀದರ್ಶನವನ್ನು ಮಾಡಿಸುವ ಪದ್ಧತಿಯನ್ನು ಅರಿಯದವರು ನಮ್ಮಲ್ಲಿ ವಿರಳ. ಅರುಂಧತಿಯು ಸೂಕ್ಷ್ಮವಾದ ತಾರೆ. ನೋಡಿದೊಡನೆ ಕಣ್ಣಿಗೆ ಸಿಕ್ಕುವಂಥದಲ್ಲ. ಆದುದರಿಂದ ಮೊದಲು ಅವಳ ಮಗ್ಗುಲಲ್ಲಿರುವ ಪ್ರಕಾಶಮಾನನಾದ ವಸಿಷ್ಠನನ್ನು ತೋರಿಸಿ, ಅಲ್ಲಿಂದ ದೃಷ್ಟಿಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸುವಂತೆ ಹೇಳುವರು. ಸ್ಥೂಲವನ್ನು ಹಿಡಿದು ಸೂಕ್ಷ್ಮವನ್ನು ಕಾಣುವ ಈ ಕ್ರಮಕ್ಕೆ ಶಾಸ್ತ್ರಕಾರರು ಅರುಂಧತೀನ್ಯಾಯವೆಂದು ಹೆಸರಿಟ್ಟಿದ್ದಾರೆ. ಆಕಾಶದಲ್ಲಿರುವ ಅತ್ಯಂತ ಸಣ್ಣ ನಕ್ಷತ್ರಗಳನ್ನು ತೂಗುವುದಕ್ಕೆ ಖಗೋಳವಿಜ್ಞಾನಿಗಳು ಹಿಡಿದಿರುವ ಮಾರ್ಗವೂ ಬಹುಮಟ್ಟಿಗೆ ಇದೇ ಎಂಬುದನ್ನು ಈ ಲೇಖನದಲ್ಲಿ ವಾಚಕರಿಗೆ ತಿಳಿಸಬೇಕೆಂದಿರುವೆವು.

ವಸಿಷ್ಠನು ಬರಿಗಣ್ಣಿಗೆ ಒಂದೇ ಚುಕ್ಕೆಯಾಗಿ ತೋರಿದರೂ, ಸಾಧಾರಣವಾದ ದೂರದರ್ಶಕದಲ್ಲಿ ನೋಡಿದರೆ ಎರಡಾಗಿ ಒಡೆದು ಕಾಣುವನು. ಆ ಎರಡರಲ್ಲಿ ಹೆಚ್ಚು ಬೆಳಗುವ ತಾರೆಯು ಪುನಃ ಎರಡು ತಾರೆಗಳ ಜೋಡಿಯೆಂದು 1889ರಲ್ಲಿ ಅಮೆರಿಕೆಯ ಹಾರ್ವರ್ಡ್ ವೀಕ್ಷಣಾಲಯದ ಪಿಕರಿಂಗನು ಪ್ರಕಟಪಡಿಸಿದನು. ಅನಂತರ ಎರಡನೆಯದೂ ಜೋಡಿಯೇ ಎಂದು ಗೊತ್ತಾಯಿತು. ಇನ್ನು ಅರುಂಧತಿಯ ವಿಷಯ. ಅವಳ ಪ್ರಭೆಯಲ್ಲಿ ಮುಳುಗಿ ಅಡಗಿದ್ದ ಕೆಂಪು ಬಣ್ಣದ ಒಂದು ಕುಬ್ಜ ಸಂಗಾತಿಯನ್ನು 2009ರಲ್ಲಿ ಎರಡು ತಂಡದವರು ಬೇರೆ ಬೇರೆಯಾಗಿ ಕಂಡುಹಿಡಿದರು. ಅದರ ತೂಕವು ಸೂರ್ಯನ ತೂಕದ ನಾಲ್ಕನೆಯ ಒಂದು ಪಾಲಿನಷ್ಟು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇರಬಹುದೆಂದು ಅವರು ಹೇಳಿದರು. ಆದರೆ ಇದು ತೂಗಿ ಹೇಳಿದ ಮಾತಲ್ಲ; ಬೆಳಕನ್ನು ನೋಡಿ ಮಾಡಿದ ಅಂದಾಜು. ಅಂಗಡಿಯಲ್ಲಿ ಕುಂಬಳಕಾಯಿಯ ಗಾತ್ರವನ್ನು ಕಣ್ಣಿನಿಂದ ನೋಡಿ ಇಷ್ಟು ತೂಗೀತೆನ್ನುವುದಕ್ಕೂ, ಅದನ್ನು ತಕ್ಕಡಿಯಲ್ಲಿಟ್ಟು ಹೇಳುವುದಕ್ಕೂ ಎಷ್ಟು ಅಂತರವುಂಟೋ ಇಲ್ಲಿಯೂ ಅಷ್ಟೇ ಅಂತರವುಂಟು. ಈ ಅಂತರದಲ್ಲಿಯೇ ನಮ್ಮ ವಿಷಯದ ತಿರುಳೆಲ್ಲ ಅಡಗಿದೆ.

ನಕ್ಷತ್ರದ ತೂಕವನ್ನು ಅರಿತು ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಶಾಸ್ತ್ರಜ್ಞರು ತೂಕಕ್ಕೆ ಬದಲಾಗಿ ದ್ರವ್ಯರಾಶಿ ಎಂಬ ಮಾತನ್ನು ಬಳಸುವರು. ಒಂದು ವಸ್ತುವಿನಲ್ಲಿ ಎಷ್ಟು ದ್ರವ್ಯವು ಅಡಕವಾಗಿದೆಯೆಂಬುದೇ ಅದರ ಅರ್ಥ. ನಕ್ಷತ್ರದ ಜಾತಕವೆಲ್ಲ ಈ ಒಂದು ಸಂಖ್ಯೆಯಲ್ಲಿ ಬರೆದಿರುವುದೆಂದರೆ ಅತಿಶಯೋಕ್ತಿಯಲ್ಲ. ಅದು ಎಷ್ಟು ಬೆಳಗುವುದು, ಯಾವ ಬಣ್ಣದಿಂದಿರುವುದು, ಎಷ್ಟು ಕಾಲ ಬಾಳುವುದು, ಕೊನೆಗೆ ಏನಾಗುವುದು ಎಂಬುದನ್ನೆಲ್ಲ ಮುಖ್ಯವಾಗಿ ದ್ರವ್ಯರಾಶಿಯೇ ನಿರ್ಣಯಿಸುವುದು. ಸೂರ್ಯನ ಆಯುಷ್ಯವು ಸುಮಾರು ಸಾವಿರ ಕೋಟಿ ವರ್ಷಗಳು. ಸೂರ್ಯನ ಹತ್ತನೆಯ ಒಂದು ಪಾಲು ದ್ರವ್ಯವುಳ್ಳ ಕುಬ್ಜತಾರೆಯಾದರೋ ತನ್ನ ಇಂಧನವನ್ನು ಜಿಪುಣನಂತೆ ವ್ಯಯಮಾಡುತ್ತ ಹಲವು ಲಕ್ಷ ಕೋಟಿ ವರ್ಷ ಬಾಳಬಲ್ಲುದು. ಅದಕ್ಕಿಂತಲೂ ಕೆಳಗಿಳಿದು, ನೂರರಲ್ಲಿ ಏಳೆಂಟು ಪಾಲಿನ ಹತ್ತಿರಕ್ಕೆ ಬಂದರೆ, ಅಲ್ಲಿ ಒಂದು ಎಲ್ಲೆಯಿದೆ. ಆ ಎಲ್ಲೆಯ ಮೇಲಿರುವ ಕಾಯದ ಗರ್ಭದಲ್ಲಿ ಜಲಜನಕವು ಹೀಲಿಯಂ ಆಗಿ ಮಾರ್ಪಡುವ ಕ್ರಿಯೆಯು ಒಂದೇ ಸಮನೆ ನಡೆದು, ಅದು ನಕ್ಷತ್ರವಾಗಿ ಉರಿಯುವುದು. ಕೆಳಗಿರುವ ಕಾಯವು ಹುಟ್ಟಿದಾಗಿನ ಬಿಸಿಯಿಂದ ಕೆಲವು ಕಾಲ ಮಂಕಾಗಿ ಹೊಳೆದು, ಒಲೆಯಿಂದ ತೆಗೆದಿಟ್ಟ ಕೆಂಡದಂತೆ ದಿನೇ ದಿನೇ ಆರುತ್ತ ಹೋಗುವುದು. ಇಂಥದಕ್ಕೆ ಕಂದು ಕುಬ್ಜವೆಂದು ಹೆಸರು. ಎಳೆಯ ಕಂದು ಕುಬ್ಜವೂ ಮುದಿ ನಕ್ಷತ್ರವೂ ಒಂದೇ ಬಗೆಯಾಗಿ ಹೊಳೆಯುವ ಸಂದರ್ಭವುಂಟಾದುದರಿಂದ, ಬರಿಯ ಬೆಳಕನ್ನು ನೋಡಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ತೂಕವೇ ಇಲ್ಲಿ ತೀರ್ಪುಗಾರ.

ಇನ್ನು ಇಂಥ ಸಣ್ಣ ತಾರೆಗಳು ಅಪರೂಪವಾದುವೆಂದು ಯಾರೂ ಭಾವಿಸಕೂಡದು. ನಮ್ಮ ನೆರೆಹೊರೆಯ ನಕ್ಷತ್ರಗಳನ್ನು ಎಣಿಸಿದರೆ ನಾಲ್ಕರಲ್ಲಿ ಸುಮಾರು ಮೂರು ಕೆಂಪು ಕುಬ್ಜಗಳೇ ಆಗಿರುವುವು. ಹೀಗಿದ್ದರೂ ಅವುಗಳಲ್ಲಿ ಒಂದಾದರೂ ಬರಿಗಣ್ಣಿಗೆ ಗೋಚರವಾಗುವುದಿಲ್ಲ. ಕತ್ತಲೆಯ ರಾತ್ರಿಯಲ್ಲಿ ನಾವು ಕಾಣುವುದು ನಕ್ಷತ್ರಲೋಕದ ಶ್ರೀಮಂತರನ್ನು ಮಾತ್ರ. ಸಾಮಾನ್ಯ ಪ್ರಜೆಗಳು ಕಣ್ಣಿಗೆ ಬೀಳದೆಯೇ ಉಳಿದಿದ್ದಾರೆ.

ಹಾಗಾದರೆ ನಕ್ಷತ್ರವನ್ನು ತೂಗುವ ತಕ್ಕಡಿ ಯಾವುದು? ಗುರುತ್ವಾಕರ್ಷಣವೇ ಆ ತಕ್ಕಡಿ. ಒಂದು ಕಾಯದ ದ್ರವ್ಯರಾಶಿಯು ಅದು ಇನ್ನೊಂದನ್ನು ಸೆಳೆಯುವ ಬಲದಿಂದಲೇ ಹೊರಪಡುವುದು. ಸೂರ್ಯನ ತೂಕವನ್ನು ನಾವು ಅರಿತಿರುವುದು ಅವನನ್ನು ಸುತ್ತುವ ಗ್ರಹಗಳಿಂದ. ಗ್ರಹಗಳೊಂದೂ ಇಲ್ಲದಿದ್ದರೆ ಅವನನ್ನು ತೂಗುವುದಕ್ಕೆ ಸಾಧನವೇ ಇರುತ್ತಿರಲಿಲ್ಲ. ಶೂನ್ಯದಲ್ಲಿ ಒಂಟಿಯಾಗಿ ಸಾಗುವ ನಕ್ಷತ್ರವು ಎಷ್ಟೇ ಬೆಳಗಿದರೂ ತನ್ನ ತೂಕದ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಅದರ ಹಿಂಬದಿಯಲ್ಲಿ ಬೇರೊಂದು ದೂರದ ತಾರೆಯು ಸರಿಯಾಗಿ ಒದಗಿ, ಆ ತಾರೆಯ ಕಿರಣಗಳು ಬಾಗುವುದನ್ನು ಅಳೆದು ತೂಗುವ ಉಪಾಯವೊಂದು ಉಂಟು. ಆದರೆ ಅಂಥ ಯೋಗವು ತೀರ ವಿರಳ. ಸಂಗಾತಿಯುಳ್ಳ ನಕ್ಷತ್ರದ ಸ್ಥಿತಿ ಹಾಗಲ್ಲ. ಎರಡು ತಾರೆಗಳು ಒಂದನ್ನೊಂದು ಸೆಳೆಯುತ್ತ ಸುತ್ತುತ್ತಿದ್ದರೆ ಅವುಗಳ ನಡೆಯೇ ಅವುಗಳ ತೂಕವನ್ನು ಸಾರುವುದು. ಇಂಥ ಜೋಡಿಗಳಿಗೆ ಯಮಳ ನಕ್ಷತ್ರಗಳೆಂದು ಹೆಸರು. ಒತ್ತಾಗಿ ಕಾಣುವ ಕೆಲವು ತಾರೆಗಳು ಕಣ್ಣಿಗೆ ಮಾತ್ರ ಒತ್ತಾಗಿರದೆ ನಿಜವಾಗಿಯೂ ಒಂದನ್ನೊಂದು ಸುತ್ತುತ್ತಿವೆಯೆಂದು ವಿಲಿಯಂ ಹರ್ಷೆಲನು ಇಪ್ಪತ್ತಕ್ಕೂ ಹೆಚ್ಚು ವರ್ಷ ಅವುಗಳನ್ನು ನೋಡಿ 1803ರಲ್ಲಿ ಸ್ಥಾಪಿಸಿದನು.

ಲೆಕ್ಕದ ಬಗೆಯನ್ನು ಒಂದು ಉದಾಹರಣೆಯಿಂದ ವಿವರಿಸುವೆವು. ಧ್ರುವನಿಗೆ ಬಹು ದೂರವಲ್ಲದ ಸೀಫಿಯಸ್ ಎಂಬ ನಕ್ಷತ್ರಪುಂಜದಲ್ಲಿ ಕ್ರೂಗರ್ 60 ಎಂಬ ಮಂಕಾದ ಜೋಡಿಯೊಂದಿದೆ. ನಮ್ಮಿಂದ ಅದಕ್ಕೆ ಸುಮಾರು 13 ಜ್ಯೋತಿರ್ವರ್ಷಗಳ ದೂರ. ಎರಡೂ ಕೆಂಪು ಕುಬ್ಜಗಳೇ. ಅವುಗಳಲ್ಲಿ ದೊಡ್ಡದರ ಬೆಳಕೂ ಸೂರ್ಯನ ಬೆಳಕಿನ ನೂರನೆಯ ಒಂದು ಪಾಲಿನಷ್ಟು ಮಾತ್ರ. 1890ರಲ್ಲಿ ಬರ್ನ್‌ಹ್ಯಾಮನು ಇದು ಜೋಡಿಯೆಂದು ಕಂಡನು. ಅಮೆರಿಕೆಯ ಯರ್ಕೆಸ್ ವೀಕ್ಷಣಾಲಯದಲ್ಲಿ ಬರ್ನಾರ್ಡನು 1908, 1915 ಮತ್ತು 1920ರಲ್ಲಿ ತೆಗೆದ ಛಾಯಾಚಿತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ, ಒಂದು ತಾರೆಯು ಇನ್ನೊಂದರ ಸುತ್ತ ಗಡಿಯಾರದ ಮುಳ್ಳಿನಂತೆ ತಿರುಗಿರುವುದು ಮಕ್ಕಳಿಗೂ ತಿಳಿಯುವಂತಿದೆ. ಇವು ಒಂದು ಸುತ್ತನ್ನು ಮುಗಿಸುವುದಕ್ಕೆ ಸುಮಾರು 44.7 ವರ್ಷ ಬೇಕು. ಇವುಗಳ ನಡುವಣ ಸರಾಸರಿ ದೂರವು ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು ಒಂಬತ್ತೂವರೆ ಪಟ್ಟು.

ಈಗ ನಮ್ಮ ಶನಿಗ್ರಹವನ್ನು ನೆನೆಯೋಣ. ಸೂರ್ಯನಿಂದ ಶನಿಗೂ ಸುಮಾರು ಒಂಬತ್ತೂವರೆ ಪಟ್ಟು ದೂರವೇ ಇರುವುದು. ಶನಿಯು ರಾಶಿಯೊಂದಕ್ಕೆ ಸುಮಾರು ಎರಡೂವರೆ ವರ್ಷದಂತೆ ಹನ್ನೆರಡು ರಾಶಿಗಳನ್ನು ಸುತ್ತಿಬರಲು ಇಪ್ಪತ್ತೊಂಬತ್ತೂವರೆ ವರ್ಷ ತೆಗೆದುಕೊಳ್ಳುವನೆಂಬುದು ಪಂಚಾಂಗವನ್ನು ನೋಡುವ ಮನೆಗಳಲ್ಲೆಲ್ಲ ತಿಳಿದ ಸಂಗತಿ. ಅಷ್ಟೇ ದೂರದಲ್ಲಿ ಸುತ್ತುವ ಕ್ರೂಗರ್ ಜೋಡಿಗೆ 44.7 ವರ್ಷ ಏಕೆ ಬೇಕು? ಅಲ್ಲಿಯ ಸೆಳೆತವು ಸೂರ್ಯನ ಸೆಳೆತಕ್ಕಿಂತ ದುರ್ಬಲವಾದುದರಿಂದ. ಸೆಳೆತ ಕಡಿಮೆಯಾದರೆ ನಡೆಯೂ ನಿಧಾನವಾಗುವುದು. ಕೆಪ್ಲರನು 1619ರಲ್ಲಿ ಹೇಳಿದ ನಿಯಮಕ್ಕೆ ನ್ಯೂಟನ್ನನು 1687ರಲ್ಲಿ ಕಾರಣವನ್ನು ಕೊಟ್ಟು ವಿಸ್ತರಿಸಿದಂತೆ, ದೂರದ ಘನವನ್ನು ಕಾಲದ ವರ್ಗದಿಂದ ಭಾಗಿಸಿದರೆ ಎರಡು ತಾರೆಗಳ ಒಟ್ಟು ದ್ರವ್ಯರಾಶಿಯು ಸೂರ್ಯನ ಲೆಕ್ಕದಲ್ಲಿ ದೊರೆಯುವುದು. ಒಂಬತ್ತೂವರೆಯನ್ನು ಮೂರು ಬಾರಿ ಗುಣಿಸಿದರೆ 857, 44.7ನ್ನು ಎರಡು ಬಾರಿ ಗುಣಿಸಿದರೆ 1998. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.43. ಎಂದರೆ ಆ ಎರಡು ತಾರೆಗಳನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗಿದರೆ ನಮ್ಮ ಸೂರ್ಯನ ಅರ್ಧಕ್ಕಿಂತಲೂ ಕಡಿಮೆ ತೂಗುವುವು. ಕಾಗದದ ತುಂಡೊಂದರ ಮೇಲೆ ಮಾಡಬಹುದಾದ ಲೆಕ್ಕದಿಂದ 13 ಜ್ಯೋತಿರ್ವರ್ಷಗಳ ಆಚೆಯ ವಸ್ತುವಿನ ತೂಕವು ತಿಳಿದುಬಂದುದು ಸಣ್ಣ ಸಂಗತಿಯೆ?

ಇದು ಒಟ್ಟು ತೂಕ. ಅದರಲ್ಲಿ ಯಾರ ಪಾಲು ಎಷ್ಟು? ಇದನ್ನು ಅರಿಯುವುದಕ್ಕೆ ಕಾವಡಿ ಹೊರುವವನನ್ನು ನೋಡಿದರೆ ಸಾಕು. ಎರಡು ಕಡೆಯ ಹೊರೆ ಸಮವಾಗಿದ್ದರೆ ಅವನು ಬೊಂಬಿನ ನಡುಮಧ್ಯವನ್ನು ಹೆಗಲಿಗೆ ಕೊಡುವನು. ಒಂದು ಕಡೆ ಭಾರ ಹೆಚ್ಚಾದರೆ, ಆ ಕಡೆಯು ಹೆಗಲಿಗೆ ಹತ್ತಿರವಾಗುವಂತೆ ಬೊಂಬನ್ನು ಸರಿಸಿಕೊಳ್ಳುವನು. ಯಮಳ ನಕ್ಷತ್ರಗಳಿಗೂ ಇಂಥದೊಂದು ಹೆಗಲುಂಟು. ಅದಕ್ಕೆ ಭಾರಕೇಂದ್ರವೆಂದು ಹೆಸರು. ಎರಡೂ ತಾರೆಗಳು ಸುತ್ತುವುದು ಈ ಬಿಂದುವನ್ನು. ಹಿಂದಿರುವ ದೂರದ ತಾರೆಗಳನ್ನು ಗುರುತಾಗಿ ಇಟ್ಟುಕೊಂಡು ಒಂದೊಂದು ತಾರೆಯೂ ಎಷ್ಟು ದೊಡ್ಡ ವೃತ್ತವನ್ನು ಬರೆಯುತ್ತದೆಯೆಂದು ಅಳೆದರೆ, ಭಾರವಾದುದು ಚಿಕ್ಕ ವೃತ್ತವನ್ನೂ ಹಗುರವಾದುದು ದೊಡ್ಡ ವೃತ್ತವನ್ನೂ ಬರೆಯುವುದು ಕಾಣುವುದು. ಕ್ರೂಗರ್ 60ರಲ್ಲಿ ಪಾಲು ಸುಮಾರು ಮೂರಕ್ಕೆ ಎರಡರಂತಿದೆ. ಆದುದರಿಂದ ದೊಡ್ಡದು ಸೂರ್ಯನ ನೂರರಲ್ಲಿ ಸುಮಾರು 27 ಪಾಲು, ಚಿಕ್ಕದು ಸುಮಾರು 18 ಪಾಲು ಎಂದು ಸೂಕ್ಷ್ಮವಾದ ಅಳತೆಗಳಿಂದ ಗೊತ್ತಾಗಿದೆ.

ಕ್ರಮವು ಸರಳವಾಗಿ ತೋರಿದರೂ ಕೆಲಸವು ಸುಲಭವಲ್ಲ. ಕ್ರೂಗರ್ ಜೋಡಿಯ ಸರಾಸರಿ ಅಂತರವು ಆಕಾಶದಲ್ಲಿ 2.4 ವಿಕಲೆಗಳಷ್ಟು ಮಾತ್ರ. ಎರಡು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿಟ್ಟ ರೂಪಾಯಿಯ ನಾಣ್ಯವೊಂದು ಎಷ್ಟು ಅಗಲವಾಗಿ ಕಾಣುವುದೋ ಅಷ್ಟು! ಅನೇಕ ಜೋಡಿಗಳ ಅಂತರವು ಇದರ ಹತ್ತನೆಯ ಪಾಲೂ ಇರುವುದಿಲ್ಲ. ಇದಲ್ಲದೆ ಲೆಕ್ಕದಲ್ಲಿ ದೂರದ ಘನವು ಸೇರುವುದರಿಂದ, ನಕ್ಷತ್ರದ ದೂರವನ್ನು ಅಳೆಯುವಾಗ ನೂರರಲ್ಲಿ ಒಂದು ಪಾಲು ತಪ್ಪಿದರೆ ತೂಕದಲ್ಲಿ ಮೂರು ಪಾಲು ತಪ್ಪುವುದು. ಹತ್ತು ಪಾಲು ತಪ್ಪಿದರೆ ತೂಕದಲ್ಲಿ ಸುಮಾರು ಮೂವತ್ತು ಪಾಲು ಹೋಯಿತು. ನಕ್ಷತ್ರಕ್ಕೂ ಕಂದು ಕುಬ್ಜಕ್ಕೂ ನಡುವಣ ಎಲ್ಲೆಯ ಬಳಿಯಲ್ಲಿ ಇಷ್ಟು ತಪ್ಪು ಬಂದರೆ ತೀರ್ಪೇ ತಲೆಕೆಳಗಾಗುವುದು. ಇನ್ನು ಕಾಲದ ಮಾತು. ಕೆಲವು ಜೋಡಿಗಳು ಒಂದು ಸುತ್ತು ಬರುವಷ್ಟರಲ್ಲಿ ವೀಕ್ಷಕರ ಎರಡು ಮೂರು ತಲೆಮಾರುಗಳು ಕಳೆದುಹೋಗುವುವು. ತಂದೆ ನೆಟ್ಟ ಹುಣಿಸೆಯ ಫಲವನ್ನು ಮಗನು ತಿನ್ನುವಂತೆ, ಒಬ್ಬರು ಬರೆದಿಟ್ಟ ಅಳತೆಯನ್ನು ಇನ್ನೊಬ್ಬರು ಮುಂದುವರಿಸಿದರೇ ಈ ಕಾರ್ಯವು ಕೈಗೂಡುವುದು.

ಜೋಡಿಯಲ್ಲಿ ಒಂದು ತಾರೆಯು ಕಾಣದೆಯೇ ಇದ್ದರೆ ಹೇಗೆ? ಇಲ್ಲಿಯೇ ಅರುಂಧತೀನ್ಯಾಯದ ಬಲವು ತಿಳಿಯುವುದು. ಲುಬ್ಧಕ ನಕ್ಷತ್ರವು ಆಕಾಶದಲ್ಲಿ ನೆಟ್ಟಗೆ ಸಾಗದೆ ಅಲೆಯಲೆಯಾಗಿ ತೊನೆಯುತ್ತ ಸಾಗುವುದನ್ನು ಕಂಡು, ಅದಕ್ಕೆ ಅಗೋಚರವಾದ ಸಂಗಾತಿಯಿರಬೇಕೆಂದು ಜರ್ಮನಿಯ ಬೆಸ್ಸೆಲನು 1844ರಲ್ಲಿ ಸಾರಿದನು. 1862ರಲ್ಲಿ ಅದು ದೂರದರ್ಶಕಕ್ಕೆ ಕಂಡಿತು. ಇದೇ ಉಪಾಯದಿಂದ ಬಹು ಸಣ್ಣ ತಾರೆಯೊಂದು ಸಿಕ್ಕಿದ ಕಥೆಯನ್ನು ಹೇಳಬೇಕು. ಮಹಾವ್ಯಾಧನ ಪೂರ್ವಕ್ಕೆ ಸುಮಾರು 13 ಜ್ಯೋತಿರ್ವರ್ಷಗಳ ದೂರದಲ್ಲಿ ರಾಸ್ 614 ಎಂಬ ಕೆಂಪು ಕುಬ್ಜವಿದೆ. ಅದು ತೊನೆಯುತ್ತಿರುವುದನ್ನು 1936ರಲ್ಲಿ ರೋಯ್ಲ್ ಎಂಬುವನು ಛಾಯಾಚಿತ್ರಗಳಿಂದ ಗುರುತಿಸಿದನು. ಸ್ಪ್ರೌಲ್ ವೀಕ್ಷಣಾಲಯದ ಸಾರಾ ಲೀ ಲಿಪ್ಪಿಂಕಾಟ್ ಎಂಬ ವಿದುಷಿಯು ಕಕ್ಷೆಯನ್ನು ಲೆಕ್ಕಹಾಕಿ, ಅಡಗಿರುವ ಸಂಗಾತಿಯು ಯಾವಾಗ ಅತಿ ದೂರಕ್ಕೆ ಸರಿಯುವುದೆಂದು ತಿಳಿಸಿದಳು. ಅದರಂತೆ 1955ರಲ್ಲಿ ವಾಲ್ಟರ್ ಬಾಡೆಯು ಪಾಲೋಮಾರ್ ಬೆಟ್ಟದ 200 ಅಂಗುಲದ ದೂರದರ್ಶಕವನ್ನು ಅತ್ತ ತಿರುಗಿಸಲು, ಸಂಗಾತಿಯು ಕಣ್ಣಿಗೆ ಬಿದ್ದಿತು. ಆಗಿನ ಲೆಕ್ಕದಲ್ಲಿ ಅದರ ದ್ರವ್ಯರಾಶಿಯು ಸೂರ್ಯನ ನೂರರಲ್ಲಿ ಸುಮಾರು 8 ಪಾಲೆಂದು ಬಂದಿದ್ದಿತು. ಎಂದರೆ ಅದು ಎಲ್ಲೆಯ ಅಂಚಿನಲ್ಲಿಯೇ ಇದ್ದಿತು. 2000ದಲ್ಲಿ ಪ್ರಕಟವಾದ ಹೆಚ್ಚು ನಿಷ್ಕೃಷ್ಟವಾದ ಅಳತೆಯಿಂದ ಅದು 11 ಪಾಲೆಂದು ತಿಳಿದು, ನಿಸ್ಸಂದೇಹವಾಗಿ ನಕ್ಷತ್ರಗಳ ಪಂಕ್ತಿಯಲ್ಲಿ ಕುಳಿತುಕೊಂಡಿತು.

ಕೆಲವು ಜೋಡಿಗಳು ಎಷ್ಟು ಒತ್ತಾಗಿರುವುವೆಂದರೆ ಯಾವ ದೂರದರ್ಶಕವೂ ಅವನ್ನು ಬಿಡಿಸಲಾರದು. ಅಲ್ಲಿ ಬೆಳಕನ್ನೇ ಪರೀಕ್ಷಿಸಬೇಕು. ತಾರೆಯ ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಹರಡಿದರೆ ಅದರಲ್ಲಿ ನವುರಾದ ಗೆರೆಗಳು ಕಾಣುವುವು. ಈ ಬಣ್ಣದ ಪಟ್ಟಿಗೆ ರೋಹಿತವೆಂದು ಹೆಸರು. ನಮ್ಮತ್ತ ಬರುವ ರೈಲುಬಂಡಿಯ ಸಿಳ್ಳು ತಾರಕವಾಗಿಯೂ, ದಾಟಿಹೋಗುವಾಗ ಮಂದ್ರವಾಗಿಯೂ ಕೇಳುವಂತೆ, ನಮ್ಮತ್ತ ಬರುವ ತಾರೆಯ ಗೆರೆಗಳು ನೀಲಿಯ ಕಡೆಗೂ, ದೂರ ಸರಿಯುವ ತಾರೆಯ ಗೆರೆಗಳು ಕೆಂಪಿನ ಕಡೆಗೂ ಜರುಗುವುವು. ವಸಿಷ್ಠನು ಜೋಡಿಯೆಂದು ಪಿಕರಿಂಗನು ಕಂಡುದು ಹೀಗೆಯೇ. ಈ ಜರುಗುವಿಕೆಯಿಂದ ವೇಗವು ಸಿಕ್ಕುವುದು. ಆದರೆ ಕಕ್ಷೆಯು ನಮ್ಮ ಕಡೆಗೆ ಎಷ್ಟು ಓರೆಯಾಗಿದೆಯೆಂದು ತಿಳಿಯದಿದ್ದರೆ ನಿಜವಾದ ವೇಗದಲ್ಲಿ ಎಷ್ಟು ಪಾಲು ಮಾತ್ರ ನಮಗೆ ಗೋಚರವೆಂಬುದು ತಿಳಿಯದು. ಅದೃಷ್ಟವಶಾತ್ ಕೆಲವು ಜೋಡಿಗಳ ಕಕ್ಷೆಯು ನಮ್ಮ ದೃಷ್ಟಿಗೆ ನೇರವಾಗಿಯೇ ಇದ್ದು, ಒಂದು ತಾರೆಯು ಇನ್ನೊಂದರ ಮುಂದೆ ಹಾದು ಗ್ರಹಣವನ್ನುಂಟುಮಾಡುವುದು. ಅಂಥ ಕಡೆ ಓರೆಯ ಸಂಶಯವು ಪರಿಹಾರವಾಗಿ ತೂಕವೂ ಸಿಕ್ಕುವುದು, ಗ್ರಹಣದ ಕಾಲಾವಧಿಯಿಂದ ಗಾತ್ರವೂ ಸಿಕ್ಕುವುದು.

ಕಿರಿಯ ತಾರೆಗಳಲ್ಲಿ ಇಂಥ ಗ್ರಹಣಗಳಿಗೆ ಪ್ರಸಿದ್ಧವಾದುದು ಸಿ.ಎಂ. ಡ್ರಾಕೋನಿಸ್ ಎಂಬ ಜೋಡಿ. ಎರಡು ಕೆಂಪು ಕುಬ್ಜಗಳು ಪರಸ್ಪರ ಸುಮಾರು 26 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು, ಮೂವತ್ತೂವರೆ ಗಂಟೆಯೊಳಗೆ ಒಂದು ಸುತ್ತನ್ನು ಮುಗಿಸುವುವು. ಇಬ್ಬರು ಹುಡುಗಿಯರು ಕೈಗೆ ಕೈ ಹೆಣೆದು ಗಿರ್ರನೆ ಸುತ್ತುವ ಆಟವು ಇದನ್ನು ಓದುವಾಗ ನೆನಪಿಗೆ ಬಾರದಿರದು. 2009ರಲ್ಲಿ ಪ್ರಕಟವಾದ ಅಳತೆಯಂತೆ ಇವುಗಳ ದ್ರವ್ಯರಾಶಿ ಸೂರ್ಯನ 0.231 ಮತ್ತು 0.214 ಪಾಲು. ಇದರಲ್ಲಿ ತಪ್ಪಿರಬಹುದಾದ ಪ್ರಮಾಣವು ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ. ನಮ್ಮ ಸಂತೆಗಳ ಎಲ್ಲ ತಕ್ಕಡಿಗಳೂ ಇಷ್ಟು ನಂಬಿಕೆಗೆ ಅರ್ಹವಾಗಿದ್ದರೆ ಗೃಹಿಣಿಯರಿಗೆ ಎಷ್ಟೋ ಉಪಕಾರವಾಗುತ್ತಿದ್ದಿತು! ಇಷ್ಟು ಸೂಕ್ಷ್ಮವಾಗಿ ತೂಗಿದುದರ ಫಲವಾಗಿ ಒಂದು ಹೊಸ ಪ್ರಶ್ನೆಯೂ ಎದ್ದಿತು. ಆ ತೂಕದ ತಾರೆಗಳಿಗೆ ಸಿದ್ಧಾಂತವು ಹೇಳುವ ಗಾತ್ರಕ್ಕಿಂತ ಈ ತಾರೆಗಳು ನೂರಕ್ಕೆ ಕೆಲವು ಪಾಲು ಹೆಚ್ಚಾಗಿ ಉಬ್ಬಿಕೊಂಡಿವೆ. ಅವುಗಳ ಅಯಸ್ಕಾಂತಶಕ್ತಿಯು ಇದಕ್ಕೆ ಕಾರಣವಿರಬಹುದೆಂದು ಹಲವರ ಅಭಿಪ್ರಾಯ.

ಇಷ್ಟು ಶ್ರಮದಿಂದ ತೂಗಿದ ತಾರೆಗಳು ಎಷ್ಟು? ಬಹಳವಿಲ್ಲ. 1990ರಲ್ಲಿ ಆಕಾಶಕ್ಕೇರಿಸಿದ ಹಬಲ್ ದೂರದರ್ಶಕದಲ್ಲಿ ಗುರಿಹಿಡಿದು ನಿಲ್ಲುವುದಕ್ಕಾಗಿ ಇಟ್ಟಿರುವ ಸೂಕ್ಷ್ಮೋಪಕರಣಗಳನ್ನೇ ಉಪಯೋಗಿಸಿಕೊಂಡು, ಫ್ರಿಟ್ಸ್ ಬೆನೆಡಿಕ್ಟ್, ಟಾಡ್ ಹೆನ್ರಿ ಮೊದಲಾದವರು ಅನೇಕ ವರ್ಷ ಕೆಂಪು ಕುಬ್ಜಗಳ ಜೋಡಿಗಳನ್ನು ಅಳೆದರು. 2016ರಲ್ಲಿ ಅವರು ಪ್ರಕಟಿಸಿದ, ತೂಕಕ್ಕೂ ಬೆಳಕಿಗೂ ಇರುವ ಸಂಬಂಧದ ಪಟ್ಟಿಗೆ ಆಧಾರವಾದ ತಾರೆಗಳ ಸಂಖ್ಯೆಯು ಐವತ್ತಕ್ಕಿಂತಲೂ ಕಡಿಮೆ. ಒಂಟಿಯಾದ ಅಸಂಖ್ಯ ಕೆಂಪು ಕುಬ್ಜಗಳ ತೂಕವನ್ನು ಹೇಳುವಾಗಲೆಲ್ಲ ಇಂಥ ಪಟ್ಟಿಗಳನ್ನೇ ನೋಡಿ ಹೇಳಬೇಕಾಗಿದೆ. ಅರುಂಧತಿಯ ಸಂಗಾತಿಗೆ ತೂಕವನ್ನು ಕಟ್ಟಿದುದೂ ಈ ಬಗೆಯಿಂದಲೇ. ಆ ಕೆಲವು ಜೋಡಿಗಳು ಉಳಿದೆಲ್ಲ ತಾರೆಗಳಿಗೂ ಮುದ್ರೆಯೊತ್ತಿದ ತೂಕದ ಬಟ್ಟುಗಳಿದ್ದಂತೆ. ಬಟ್ಟು ತಪ್ಪಾದರೆ ವ್ಯಾಪಾರವೆಲ್ಲ ತಪ್ಪಾಗುವುದು. ಅದರಲ್ಲಿಯೂ ಕಿರಿಯ ತಾರೆಗಳಲ್ಲಿ ತೂಕವು ಸ್ವಲ್ಪ ವ್ಯತ್ಯಾಸವಾದರೆ ಬೆಳಕು ಬಹಳ ವ್ಯತ್ಯಾಸವಾಗುವುದು. ಕ್ರೂಗರ್ ಜೋಡಿಯಲ್ಲಿ ತೂಕದ ಪಾಲು ಮೂರಕ್ಕೆ ಎರಡಾದರೂ, ಬೆಳಕಿನಲ್ಲಿ ಮೂರು ನಾಲ್ಕು ಪಟ್ಟು ಅಂತರವುಂಟು.

ಈಗ ಆ ಎಲ್ಲೆಯ ವಿಷಯಕ್ಕೆ ಬರುವೆವು. ಸೂರ್ಯನ ನೂರರಲ್ಲಿ ಏಳರಿಂದ ಒಂಬತ್ತು ಪಾಲಿಗಿಂತ ಕಡಿಮೆ ದ್ರವ್ಯವುಳ್ಳ ಕಾಯವು ನಕ್ಷತ್ರವಾಗಿ ಉರಿಯಲಾರದೆಂದು 1963ರಲ್ಲಿ ಲೆಕ್ಕದಿಂದ ತೋರಿಸಿದವರು ಭಾರತೀಯ ಮೂಲದ ವಿಜ್ಞಾನಿ ಶಿವ ಎಸ್. ಕುಮಾರ್ ಅವರು. ಇದು ಸಿದ್ಧಾಂತದ ಮಾತು. ತಕ್ಕಡಿಯಿಂದ ಇದನ್ನು ಪರೀಕ್ಷಿಸಲು ಟ್ರೆಂಟ್ ಡುಪುಯ್, ಮೈಕೆಲ್ ಲಿಯು ಎಂಬವರು ಹವಾಯಿ ದ್ವೀಪದ ದೂರದರ್ಶಕಗಳಿಂದಲೂ ಹಬಲ್ಲಿನಿಂದಲೂ ಹತ್ತು ವರ್ಷಗಳ ಕಾಲ 31 ಅತಿ ಮಂಕಾದ ಜೋಡಿಗಳ ಬೆನ್ನುಹತ್ತಿದರು. ನಕ್ಷತ್ರವಾಗಬೇಕಾದರೆ ಗುರುಗ್ರಹದ ಸುಮಾರು 70 ಪಟ್ಟು ದ್ರವ್ಯವಾದರೂ ಇರಬೇಕೆಂದು 2017ರಲ್ಲಿ ಅವರು ತಿಳಿಸಿದರು. ಗುರುವು ಸೂರ್ಯನ 1047ನೆಯ ಒಂದು ಪಾಲಾದುದರಿಂದ ಇದು ಸೂರ್ಯನ ನೂರರಲ್ಲಿ ಏಳು ಪಾಲಿಗೆ ಸ್ವಲ್ಪ ಕಡಿಮೆಯಾಯಿತು. ಅದೇ ವರ್ಷ ಕೇಂಬ್ರಿಜ್ಜಿನ ವಿದ್ವಾಂಸರು, ಶನಿಗ್ರಹಕ್ಕಿಂತ ಸ್ವಲ್ಪವೇ ದೊಡ್ಡದಾದ, ಆದರೆ ಗುರುವಿನ ಸುಮಾರು 85 ಪಟ್ಟು ತೂಗುವ ನಕ್ಷತ್ರವೊಂದು ಸೂರ್ಯನಂಥ ದೊಡ್ಡ ತಾರೆಯ ಮುಂದೆ ಹಾದುಹೋಗುವುದನ್ನು ಕಂಡುದಾಗಿ ಪ್ರಕಟಿಸಿದರು. ಶನಿಯಷ್ಟು ಗಾತ್ರದ ಗಂಟಿನಲ್ಲಿ ಅಷ್ಟೊಂದು ದ್ರವ್ಯವು ಒತ್ತಿ ತುಂಬಿರುವುದನ್ನು ಕಲ್ಪಿಸಿಕೊಳ್ಳುವುದೂ ಕಷ್ಟ.

ತೂಗಿ ನೋಡಿದಾಗ ಮಾತ್ರ ಬಯಲಾದ ಒಂದು ಗುಟ್ಟನ್ನು ಹೇಳಿ ವಿಷಯವನ್ನು ಮುಗಿಸುವೆವು. ಮಹಾವ್ಯಾಧನ ಕಾಲಿನ ಕೆಳಗೆ, ಮೊಲವೆಂದು ಹೆಸರಾದ ನಕ್ಷತ್ರಪುಂಜದಲ್ಲಿ, 19 ಜ್ಯೋತಿರ್ವರ್ಷಗಳ ದೂರದಲ್ಲಿ ಗ್ಲೀಸ 229 ಎಂಬ ಕೆಂಪು ಕುಬ್ಜವಿದೆ. ಅದರ ಮಗ್ಗುಲಲ್ಲಿ ನಕ್ಷತ್ರವಾಗಲಾರದ ಒಂದು ಮಂಕಾದ ಕಾಯವಿರುವುದನ್ನು ಪಾಲೋಮಾರ್ ಬೆಟ್ಟದಿಂದ ಕಂಡು 1995ರಲ್ಲಿ ಪ್ರಕಟಿಸಿದ ತಂಡದಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದು ಶಾಲೆ ಕಲಿತ ಶ್ರೀನಿವಾಸ ಕುಲಕರ್ಣಿ ಅವರೂ ಇದ್ದರು. ಕಂದು ಕುಬ್ಜವೆಂಬುದು ಬರಿಯ ಊಹೆಯಲ್ಲವೆಂದು ಜಗತ್ತು ಒಪ್ಪಿದುದು ಆ ವರ್ಷ. ಮುಂದೆ ಹಿಪ್ಪಾರ್ಕಸ್ ಮತ್ತು ಗೈಯಾ ಎಂಬ ಎರಡು ಆಕಾಶನೌಕೆಗಳು ಸುಮಾರು ಕಾಲು ಶತಮಾನದ ಅಂತರದಲ್ಲಿ ಅಳೆದ ಸ್ಥಾನಗಳನ್ನು ಹೋಲಿಸಿ, ದೊಡ್ಡ ತಾರೆಯು ಎಷ್ಟು ತೊನೆದಿದೆಯೆಂದು ನೋಡಲಾಯಿತು. ಆ ತೊನೆತದಿಂದ ಸಂಗಾತಿಯ ತೂಕವು ಗುರುವಿನ ಸುಮಾರು 71 ಪಟ್ಟೆಂದು 2021ರಲ್ಲಿ ನಿಷ್ಕರ್ಷೆಯಾಯಿತು. ಇದರಿಂದ ವಿದ್ವಾಂಸರು ಗೊಂದಲದಲ್ಲಿ ಬಿದ್ದರು. ಅಷ್ಟು ಭಾರವಾದ ಕಾಯವು ಅಷ್ಟು ಮಂಕಾಗಿರುವುದು ಹೇಗೆ? ಸಿದ್ಧಾಂತವೇ ತಪ್ಪೊ, ತಕ್ಕಡಿಯೇ ತಪ್ಪೊ?

ತಕ್ಕಡಿಯು ತಪ್ಪಿರಲಿಲ್ಲ, ತಪ್ಪಿದುದು ಎಣಿಕೆ. ಚಿಲಿ ದೇಶದಲ್ಲಿರುವ ದೊಡ್ಡ ದೂರದರ್ಶಕಗಳ ಬೆಳಕನ್ನು ಒಟ್ಟುಗೂಡಿಸಿ ನೋಡಿದ ಒಂದು ತಂಡವು, ಒಂದೆಂದು ತಿಳಿದಿದ್ದ ಆ ಕಾಯವು ಎರಡೆಂದು 2024ರಲ್ಲಿ ತೋರಿಸಿಕೊಟ್ಟಿತು. ಗುರುವಿನ ಸುಮಾರು 38 ಪಟ್ಟು ಮತ್ತು 34 ಪಟ್ಟು ತೂಗುವ ಎರಡು ಕಂದು ಕುಬ್ಜಗಳು, ಭೂಮಿಗೂ ಚಂದ್ರನಿಗೂ ಇರುವ ದೂರದ ಹದಿನಾರು ಪಟ್ಟು ಅಂತರದಲ್ಲಿ, ಹನ್ನೆರಡು ದಿನಗಳಿಗೊಂದು ಸುತ್ತಿನಂತೆ ಪರಸ್ಪರ ತಿರುಗುತ್ತಿದ್ದುವು. ಸುಮಾರು ಮೂವತ್ತು ವರ್ಷ ಎಷ್ಟೋ ಮಂದಿ ಕಣ್ಣಿಟ್ಟು ನೋಡಿದರೂ ಅರಿಯದೆ ಉಳಿದಿದ್ದ ಸಂಗತಿಯನ್ನು ಒಂದು ಹೊಂದದ ತೂಕವು ಹೊರಗೆಡವಿತು. ಹೀಗೆ ದೊಡ್ಡ ತಾರೆಯಿಂದ ಸಣ್ಣದು, ಸಣ್ಣದರಿಂದ ಅದರೊಳಗೆ ಅಡಗಿದ್ದ ಇನ್ನೊಂದು ಎಂದು ಅರುಂಧತೀನ್ಯಾಯವು ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಕರೆದೊಯ್ದಿತು.

ಗೈಯಾ ನೌಕೆಯು 2025ರ ಜನವರಿಯಲ್ಲಿ ತನ್ನ ವೀಕ್ಷಣೆಯನ್ನು ನಿಲ್ಲಿಸಿತು. ಅದು ನೂರು ಕೋಟಿಗೂ ಮೀರಿದ ತಾರೆಗಳ ಸ್ಥಾನಗಳನ್ನು ಮತ್ತೆ ಮತ್ತೆ ಅಳೆದಿಟ್ಟಿದೆ. ಆ ರಾಶಿಯಲ್ಲಿ ತೊನೆಯುತ್ತಿರುವ ತಾರೆಗಳನ್ನು ಆರಿಸಿ ತೆಗೆದು ತೂಗುವ ಕೆಲಸವು ಮುಂದಿನವರಿಗೆ ಕಾದಿದೆ. ಬಟ್ಟುಗಳು ಹೆಚ್ಚಿದಷ್ಟೂ ಅಂದಾಜು ಕಡಿಮೆಯಾಗುವುದು. ಬರಿಗಣ್ಣಿಗೆ ಎಂದೂ ಕಾಣದ, ಆದರೆ ಆಕಾಶದಲ್ಲಿ ಬಹುಸಂಖ್ಯಾತವಾದ ಈ ಕಿರಿಯ ತಾರೆಗಳ ನಿಜಸ್ಥಿತಿಯನ್ನು ನಾವು ತಿಳಿದಿರುವುದು, ಅವುಗಳಲ್ಲಿ ಕೆಲವಕ್ಕೆ ಸಂಗಾತಿಯೊಂದು ಒದಗಿದುದರಿಂದ ಎಂಬ ಮಾತನ್ನು ಗೃಹಸ್ಥರಾದ ನಮ್ಮ ವಾಚಕರು ಸುಲಭವಾಗಿ ಮೆಚ್ಚುವರೆಂದು ನಂಬಿರುವೆವು.